ಕೊತ್ತಗೆರೆಗೆ ಹೋದ ಹಾಳೆ

ಹೋದ ತಿಂಗಳು ಗುಬ್ಬಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ನನ್ನ ತಂಗಿಯ ಬೀಗರ ಕಡೆಯವರ ಮನೆ, ನನಗೆ ಅಷ್ಟೇನೂ ಗುರುತಿಲ್ಲ. ಊಟವಾದ ಮೇಲೆ ಸೊಂಟ ಹಿಡಿದುಕೊಂಡಿತ್ತು, ಹಜಾರದ ಮೂಲೆಯಲ್ಲಿ ಒಂದು ಕುರ್ಚಿ ಹುಡುಕಿಕೊಂಡು ಕೂತೆ. ಎದುರು ಗೋಡೆಯಲ್ಲಿ ಆ ಮನೆಯ ಹಿರಿಯಾಕೆಯ ದೊಡ್ಡದೊಂದು ಬಣ್ಣದ ಚಿತ್ರ. ಹಳೆಯ ಮನೆಯಿಂದ ತಂದು ಹೊಸ ಕಟ್ಟು ಹಾಕಿಸಿದ್ದರು. ಆಕೆಯ ಮುಖವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಆದರೆ ತೊಡೆಯ ಮೇಲೆ ಇಟ್ಟುಕೊಂಡಿದ್ದ ಎಡಗೈ ನನ್ನದು. ಕಿರುಬೆರಳು ಆಚೆಗೆ ವಾಲಿದೆ. ರುಬ್ಬುವ ಗುಂಡು ಬಿದ್ದು ಸೊಟ್ಟಗಾದ ಬೆರಳು, ನನಗೆ ಗೊತ್ತಾಗುವುದಿಲ್ಲವೇ?

ನಾನು ನೋಡುತ್ತಿರುವುದನ್ನು ಕಂಡು ಆ ಮನೆಯ ಹುಡುಗಿ ಪಕ್ಕಕ್ಕೆ ಬಂದಳು. "ನಮ್ಮ ಮುತ್ತಜ್ಜಿ ಆಂಟಿ. ಕೈ ನೋಡಿ, ಎಷ್ಟು ಲಕ್ಷಣವಾಗಿದೆ. ನಮ್ಮನೇಲಿ ಒಬ್ರಿಗೂ ಆ ಕೈ ಬರಲಿಲ್ಲ."

"ಎಲ್ಲಿಂದ ಬರುತ್ತಮ್ಮ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಕಾಫಿ ತರಲು ಒಳಗೆ ಹೋದಳು.

ಗುಬ್ಬಿ, ಕುಣಿಗಲ್, ತುಮಕೂರು, ಈ ಮೂರು ಊರುಗಳ ಎಷ್ಟು ಮನೆಗಳ ಗೋಡೆಯ ಮೇಲೆ ನಾನು ಕೂತಿದ್ದೇನೋ ನನಗೇ ಲೆಕ್ಕವಿಲ್ಲ. ನಮ್ಮ ಯಜಮಾನರು ಡ್ರಾಯಿಂಗ್ ಮೇಷ್ಟ್ರು. ವಾರವೆಲ್ಲ ಸ್ಕೂಲಿನ ಮಕ್ಕಳಿಗೆ ಹೂಜಿ, ಬಾಳೆಹಣ್ಣು, ಗುಡ್ಡದ ಹಿಂದಿನ ಸೂರ್ಯ. ರಜೆಯ ದಿನ ಮನೆಯಲ್ಲಿ ತೀರಿಕೊಂಡವರ ಚಿತ್ರ. ಆಗೆಲ್ಲ ಹಳ್ಳಿಯ ಕಡೆ ಫೋಟೋ ಎಂದರೆ ಯಾವುದಾದರೂ ಮದುವೆಯ ಗುಂಪಿನ ಫೋಟೋ. ಅದರ ಹಿಂದಿನ ಸಾಲಿನಲ್ಲಿ ಇಬ್ಬರ ಭುಜದ ನಡುವೆ ಇಣುಕುವ ಕಡಲೆಕಾಯಿ ಗಾತ್ರದ ತಲೆ. ಅದನ್ನೇ ತಂದು, "ಇವ್ರೇ ನಮ್ಮವ್ವ. ಕುರ್ಚಿ ಮೇಲೆ ಕೂತಿರೋ ಹಂಗೆ ಬರೀಬೇಕು ಮೇಷ್ಟ್ರೆ, ರೇಷ್ಮೆ ಸೀರೆ ಉಡ್ಸಿ" ಎನ್ನುವರು. ತಲೆಯನ್ನೇನೋ ಅವರು ಕೊಟ್ಟರು. ಮಿಕ್ಕ ಮೈಯನ್ನು ಎಲ್ಲಿಂದ ತರುವುದು? ಇದ್ದೆನಲ್ಲ, ನಾನು.

ಹೆಂಗಸರಿಗೆ ಮಾತ್ರವಲ್ಲ, ಗಂಡಸರಿಗೂ ನಾನೇ. ಒಮ್ಮೆ ಯಾರೋ ಪಟೇಲರ ಚಿತ್ರಕ್ಕೆ ಇವರ ಕೋಟು ತೊಟ್ಟು, ಮಂಡಿಯ ನಡುವೆ ಕೋಲು ಹಿಡಿದು ಗತ್ತಾಗಿ ಕೂತಿದ್ದೆ. ಪಕ್ಕದ ಮನೆಯಾಕೆ ಕಾಫಿಪುಡಿ ಕೇಳಲು ಬಂದವಳು ಬಾಗಿಲಲ್ಲೇ ನಿಂತು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡಳು. ಕಾಫಿಪುಡಿ ಮರೆತೇ ಹೋದಳು.

ನಾನು ಹೇಳಹೊರಟಿರುವುದು ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದ ಮಾತು. ತುಮಕೂರಿನ ಚಿಕ್ಕಪೇಟೆಯ ವಠಾರದಲ್ಲಿದ್ದೆವು. ಅದುವರೆಗೆ ಗುಬ್ಬಿಯ ಸ್ಕೂಲಿನಲ್ಲಿದ್ದ ಇವರಿಗೆ ಆ ಜೂನಿನಲ್ಲಿ ಕುಣಿಗಲ್ಲಿಗೆ ವರ್ಗವಾಯಿತು. ಬೆಳಿಗ್ಗೆ ಬೇಗ ಬಸ್ಸು ಹಿಡಿಯಬೇಕು, ಅದಕ್ಕೂ ಮೊದಲು ತಿಂಡಿ, ಡಬ್ಬಿ, ವಠಾರದ ನಲ್ಲಿಯ ಸರದಿ. ಚಿಕ್ಕ ಮಗನಿಗೆ ನಾಯಿಕೆಮ್ಮು ಬಂದು ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಬಟ್ಟೆ ಒಣಗುವುದಿಲ್ಲ, ಸೌದೆ ಹತ್ತುವುದಿಲ್ಲ. ಸಾಲದ್ದಕ್ಕೆ ಕುಣಿಗಲ್ ಸೀಮೆಗೆಲ್ಲ ಹೊಸ ಮೇಷ್ಟ್ರು ತೀರಿಹೋದವರನ್ನು ಎದ್ದು ಕೂತ ಹಾಗೆ ಬರೆಯುತ್ತಾರೆಂದು ಸುದ್ದಿ ಹಬ್ಬಿತು. ಗುಬ್ಬಿಯವರು ಬಿಡಲಿಲ್ಲ, ಕುಣಿಗಲ್ಲಿನವರು ಹಿಡಿದುಕೊಂಡರು. ಭಾನುವಾರವೆಂದರೆ ನನಗೆ ಕುರ್ಚಿ ಎಂದಾಯಿತು.

ಕೂತುಕೊಳ್ಳುವುದರಲ್ಲಿ ಏನು ಆಯಾಸ ಎನ್ನುತ್ತೀರಾ? ಕೂತು ನೋಡಿ. ಮೂಗಿನ ಮೇಲೆ ನೊಣ ಕೂತರೂ ಅಲುಗುವ ಹಾಗಿಲ್ಲ. ಒಳಗೆ ಹಾಲು ಉಕ್ಕುವ ವಾಸನೆ ಬರುತ್ತಿದೆ, ಮಗು ಕೆಮ್ಮುತ್ತಿದೆ, ಇವರು ಒಂದು ಕಣ್ಣು ಮುಚ್ಚಿ ಪೆನ್ಸಿಲನ್ನು ಚಾಚಿದ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ನನ್ನನ್ನು ಅಳೆಯುತ್ತಿದ್ದಾರೆ. "ಇನ್ನೊಂದರ್ಧ ಗಂಟೆ ಕಣೇ." ಆ ಅರ್ಧ ಗಂಟೆ ಯಾವತ್ತೂ ಮುಗಿದಿದ್ದೇ ಇಲ್ಲ.

ಮೊದಲು ಅಂಗೈಯಗಲದ ಕಾಗದದಲ್ಲಿ ಸುಮ್ಮನೆ ನಾಲ್ಕು ಗೆರೆ: ತಲೆ ಎಲ್ಲಿ, ಮಂಡಿ ಎಲ್ಲಿ, ಬೆಳಕು ಯಾವ ಕಡೆಯಿಂದ. ಆಮೇಲೆ ದೊಡ್ಡ ಹಾಳೆ. ಅದರ ಮೇಲೆ ತೆಳ್ಳಗೆ, ಕಂಡೂ ಕಾಣದ ಹಾಗೆ ಗೆರೆಗಳು ಬೀಳುವವು. ಭುಜ ಒಂದು ಕಡೆ ತಪ್ಪಿದರೆ ಅಳಿಸುತ್ತಿರಲಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಭುಜ, ಅದೂ ಸರಿಬರದಿದ್ದರೆ ಮತ್ತೊಂದು. ಸರಿಯಾದ ಗೆರೆ ಸಿಕ್ಕಿದಾಗ ಅದನ್ನು ಮಾತ್ರ ಗಟ್ಟಿಯಾಗಿ ಒತ್ತುವರು. "ರಬ್ಬರ್ ಎಲ್ಲಿ ಹಾಳಾಗಿ ಹೋಯ್ತು ನಿಮಗೆ?" ಎಂದು ಒಮ್ಮೆ ಕೇಳಿದ್ದೆ. "ತಪ್ಪು ಗೆರೆ ಇದ್ರೇನೆ ಸರಿ ಗೆರೆ ಎಲ್ಲಿಂದ ಬಂತು ಅಂತ ಗೊತ್ತಾಗೋದು. ನಿಂಗರ್ಥ ಆಗಲ್ಲ ಬಿಡು," ಎಂದರು. ಆಗ ಅರ್ಥವಾಗಿರಲಿಲ್ಲ ನಿಜ. ಬಣ್ಣದ ಚಿತ್ರ ಮುಗಿದ ಮೇಲೆ ಆ ಹಾಳೆಗಳಿಗೆ ಮೂರು ಕಾಸಿನ ಬೆಲೆಯಿಲ್ಲ. ಕೆಲವು ಬಚ್ಚಲ ಒಲೆಗೆ, ಕೆಲವು ಮಕ್ಕಳ ಪುಸ್ತಕದ ರಟ್ಟಿಗೆ, ಮಿಕ್ಕವು ಅಡಿಗೆಮನೆಯ ಗೂಡಿನಲ್ಲಿ ಡಬ್ಬಿಗಳ ಅಡಿಗೆ ಹಾಸಲು. ಬೇಳೆ ಡಬ್ಬಿ ಎತ್ತಿದರೆ ಕೆಳಗೆ ನಾನು.

ಹಾಗೆ ಡಬ್ಬಿ ಎತ್ತಿ ಒರೆಸುವಾಗಲೇ ನನಗೆ ಆ ಹಾಳೆಗಳ ಮೇಲೆ ಮನಸ್ಸು ಹೋದದ್ದು. ಬಣ್ಣದ ಚಿತ್ರದಲ್ಲಿ ನನ್ನ ಕೈಗೆ ಬಳೆ, ಉಂಗುರ, ಜರಿ ಸೆರಗು ಎಲ್ಲ ಬಂದು ಅದು ಯಾರದೋ ಸುಖವಾಗಿರುವವರ ಕೈಯಾಗುತ್ತಿತ್ತು. ಪೆನ್ಸಿಲಿನಲ್ಲಿ ಮಾತ್ರ ನನ್ನ ಕೈಯೇ. ಉಗುರಿನ ಪಕ್ಕ ಸುಲಿದ ಚರ್ಮ, ಮಣಿಕಟ್ಟಿನ ಹತ್ತಿರ ಉಬ್ಬಿದ ನರ, ಯಾವುದನ್ನೂ ಬಿಡುತ್ತಿರಲಿಲ್ಲ ಮಹಾನುಭಾವರು. ಇದನ್ನೆಲ್ಲ ಯಾವಾಗ ನೋಡಿದರಪ್ಪ ಎಂದು ಆಶ್ಚರ್ಯವಾಗುತ್ತಿತ್ತು.

ಆದರೆ ಯಾವ ಹಾಳೆಯಲ್ಲೂ ನನಗೆ ಮುಖವಿಲ್ಲ. ಕುತ್ತಿಗೆಯ ಮೇಲೆ ಬರಿಯ ಒಂದು ಮೊಟ್ಟೆ. ಅದು ನಮ್ಮತ್ತೆಯ ಕಟ್ಟಪ್ಪಣೆ. "ಬದುಕಿರೋ ಹೆಣ್ಣುಮಗಳ ಮುಖಾನ ಸತ್ತೋರ ಹಾಳೆ ಮೇಲೆ ಇಳಿಸ್ಬೇಡ ಕಣೋ. ಆಯಸ್ಸು ಕಮ್ಮಿ ಆಗುತ್ತೆ," ಎಂದು ಮಗನಿಂದ ಆಣೆ ಹಾಕಿಸಿಕೊಂಡಿದ್ದರು. ಸೊಸೆಯ ಮೇಲಿನ ಪ್ರೀತಿಯಿಂದಲೇ ಹೇಳಿದ್ದು, ಇಲ್ಲವೆನ್ನಲಾರೆ. ಆದರೆ ನನಗೆ ಇದ್ದದ್ದು ಒಂದೇ ಆಸೆ. ಮದುವೆಯಲ್ಲಿ ಫೋಟೋದವನು ಬಸ್ಸು ತಪ್ಪಿಸಿಕೊಂಡು ಬರಲೇ ಇಲ್ಲ, ಆಮೇಲೆ ಯಾರೂ ತೆಗೆಸಲಿಲ್ಲ. ಊರವರ ಹೆಂಡಿರಿಗೆಲ್ಲ ಮುಖ ಕೊಡುವ ಮನುಷ್ಯ ನನಗೂ ಒಂದು ಮುಖ ಕೊಡಲಿ ಎಂದು.

"ನನ್ನದೂ ಒಂದು ಬರೀರಿ," ಎಂದರೆ, "ಈ ಆರ್ಡರ್ ಮುಗೀಲಿ ಸಾವಿತ್ರಿ, ಬೇರೆ ಹಾಳೇಲಿ ಬರೀತೀನಿ," ಎನ್ನುವರು.

"ಸತ್ತ ಮೇಲೆ ಬರೀತೀರಿ ಬಿಡಿ. ಆಗ ಮೈಗೆ ಯಾರನ್ನ ಕೂರಿಸ್ತೀರೋ ನೋಡ್ತೀನಿ."

ನಗುವರು. ನನಗೆ ನಗು ಬರುತ್ತಿರಲಿಲ್ಲ.

ಆಷಾಢದ ಒಂದು ಭಾನುವಾರ, ಜಿಟಿಜಿಟಿ ಮಳೆಯಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಒಬ್ಬ ಹೆಂಗಸು ಬಂದಳು. ಕುಣಿಗಲ್ ಆಚೆಯ ಕೊತ್ತಗೆರೆಯವಳು, ಹೆಸರು ಪುಟ್ಟತಾಯಮ್ಮ. ನಮ್ಮತ್ತೆಗಿಂತ ನಾಲ್ಕೈದು ವರ್ಷ ಚಿಕ್ಕವಳಿದ್ದಾಳು. ಮಗಳು ಜಯಮ್ಮ ಹಿಂದಿನ ವರ್ಷ ಕಾಮಾಲೆಯಲ್ಲಿ ಹೋಗಿದ್ದಳು. ವರ್ಷದ ಎಡೆ ಇಡುವಾಗ ಮುಂದಿಡಲು ಒಂದು ಪಟ ಬೇಕು ಎಂದಳು.

"ಫೋಟೋ ಕೊಡಿ ತಾಯಿ," ಎಂದರು ಇವರು.

"ಪೋಟ ಇಲ್ಲ ಸ್ವಾಮಿ." ಮಡಿಲಿನಿಂದ ಒಂದು ಹಳೆಯ ಸೀರೆ ತೆಗೆದಿಟ್ಟಳು. "ಇದು ಅವ್ಳುದ್ದು."

"ಮುಖ ಇಲ್ದೆ ಹೆಂಗಮ್ಮ ಬರೀಲಿ?"

"ನಾನ್ ಏಳ್ತೀನಿ, ನೀವು ಬರೀರಿ."

ಇವರು ಆಗುವುದಿಲ್ಲ ಎಂದರು. ಆಕೆ ಎದ್ದು ಹೋಗಲಿಲ್ಲ. ಹೊಸಿಲ ಪಕ್ಕದಲ್ಲಿ ಗೋಡೆಗೊರಗಿ ಕೂತೇ ಇದ್ದಳು. ನಾನು ಕಾಫಿ ಕೊಟ್ಟೆ, ಕುಡಿದು ಮತ್ತೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಇವರೇ ಸೋತು ನನ್ನನ್ನು ಕರೆದರು. ನಮ್ಮತ್ತೆ ಆಗ ನಿಟ್ಟೂರಿನಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದರು. ಇವರಿಗೆ ಧೈರ್ಯ ಬಂದದ್ದು ಅದರಿಂದಲೇ ಇರಬೇಕು.

"ನೋಡೇ, ಶುರು ಮಾಡಕ್ಕೆ ಯಾವುದಾದ್ರೂ ಒಂದು ಮುಖ ಬೇಕು. ಮೊದಲನೇ ಹಾಳೇಲಿ ನಿಂದೇ ಬರ್ಕೋತೀನಿ. ಆಮೇಲೆ ಇವರು ಹೇಳ್ದಂಗೆ ಬದಲಾಯಿಸ್ತಾ ಹೋಗ್ತೀನಿ. ಅಮ್ಮಂಗೆ ಹೇಳ್ಬೇಡ."

ಎಷ್ಟು ವರ್ಷದಿಂದ ಕಾದಿದ್ದ ಗಳಿಗೆ! ಮುಖ ತೊಳೆದು, ತಲೆ ಬಾಚಿ, ಒಂದಿಷ್ಟು ಪೌಡರ್ ಹಚ್ಚಿಕೊಂಡು ಬರೋಣವೆಂದು ಎದ್ದೆ. "ಏಳ್ಬೇಡ, ಬೆಳಕು ಹೋಗುತ್ತೆ. ಹಂಗೇ ಇರು," ಎಂದು ಗದರಿದರು. ಮಗುವಿನ ಜೊತೆ ನಿದ್ದೆಗೆಟ್ಟ ಕಣ್ಣು, ಪಿನ್ನಿಲ್ಲದೆ ಜಾರಿದ ಸೆರಗು, ಕೈಗೆ ಅಂಟಿದ ರಾಗಿ ಹಿಟ್ಟು. ಆ ಅವತಾರದಲ್ಲಿ ಕೂತೆ. ಹೊಟ್ಟೆ ಉರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಉರಿಯಲಿಕ್ಕೂ ಶಕ್ತಿಯಿಲ್ಲದೆ ಸುಮ್ಮನಾದೆ. ಹಾಳೆಯ ಮೇಲೆ ಪೆನ್ಸಿಲ್ ಸರಿಯುವ ಸದ್ದು, ಹೊರಗೆ ಮಳೆ. ಪುಟ್ಟತಾಯಮ್ಮ ಹಾಳೆಯನ್ನೂ ನನ್ನನ್ನೂ ನೋಡುತ್ತಾ ಕೂತಿದ್ದಳು.

ಆ ಹಾಳೆಯನ್ನು ಪಕ್ಕಕ್ಕಿಟ್ಟು ಇವರು ಎರಡನೆಯದನ್ನು ಶುರು ಮಾಡಿದರು. "ಹುಬ್ಬು ಕೂಡ್ಕಂಡಿತ್ತು... ಗಲ್ಲ ಇಷ್ಟಗಲ ಇಲ್ಲ... ಮೂಗು ನಂದೇ, ನನ್ನೇ ನೋಡ್ಕಳಿ." ಪ್ರತಿ ಭಾನುವಾರ ಬರುವಳು, ಹೇಳುವಳು. ಪ್ರತಿ ಹಾಳೆಯಲ್ಲೂ ನಾನು ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಬಂದೆ. ಕೊನೆಯದರಲ್ಲಿ ನನ್ನದು ಎನ್ನಲು ಆ ಸೊಟ್ಟ ಬೆರಳೊಂದೇ.

ಮೊದಲನೇ ಹಾಳೆಯನ್ನು ನಾನು ಸರಿಯಾಗಿ ನೋಡಿದ್ದು ಅದನ್ನು ಬರೆದ ಮಾರನೆಯ ದಿನ, ಇವರು ಬಸ್ಸಿಗೆ ಹೋದ ಮೇಲೆ. ನೋಡಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಚೆನ್ನಾಗಿ ಕಾಣಲಿ ಎಂದು ಒಂದು ಗೆರೆಯನ್ನೂ ಎಳೆದಿರಲಿಲ್ಲ. ಬಲ ಭುಜ ಮೂರು ಕಡೆ ಇತ್ತು. ಮೊದಲು ನೆಟ್ಟಗೆ, ಆಮೇಲೆ ಅದಕ್ಕಿಂತ ಕೆಳಗೆ, ಆಮೇಲೆ ಇನ್ನೂ ಕೆಳಗೆ. ನಾನು ಕೂತಲ್ಲೇ ಕುಸಿಯುತ್ತಾ ಹೋದದ್ದು ಹಾಗೇ ಉಳಿದಿತ್ತು. ಕಣ್ಣು ತೆರೆದಿದ್ದರೂ ಎಲ್ಲೂ ನೋಡುತ್ತಿಲ್ಲ. ಬಾಯಿಯ ಒಂದು ತುದಿಯನ್ನು ಒತ್ತಿ ಹಿಡಿದಿದ್ದೇನೆ, ಬೈಯಬೇಕೆಂದುಕೊಂಡು ಬೈಯದೆ ಬಿಟ್ಟವಳ ಹಾಗೆ. ನನ್ನ ಬಗ್ಗೆ ನಾನೇ ಯಾರಿಗೂ ಹೇಳದಿದ್ದದ್ದೆಲ್ಲ ಅದರಲ್ಲಿತ್ತು. ಅಳು ಬಂತು. ಖುಷಿಗೋ ಸಿಟ್ಟಿಗೋ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ಸಿಟ್ಟೇ ಎಂದು ತಿಳಿಯಿತು. ಇವರಿಗೆ ಗೊತ್ತಿತ್ತು! ಇಷ್ಟೆಲ್ಲ ಗೊತ್ತಿದ್ದೂ ಇನ್ನರ್ಧ ಗಂಟೆ, ಇನ್ನರ್ಧ ಗಂಟೆ ಎನ್ನುತ್ತಿದ್ದರು.

ಮಳೆಯಲ್ಲಿ ನೆನೆದುಕೊಂಡು ಬಂದ ಇವರಿಗೆ ಟವೆಲ್ಲನ್ನೂ ಕೊಡದೆ ಹಾಳೆ ಮುಂದೆ ಹಿಡಿದೆ. "ಏನ್ರೀ, ನನಗೆ ಇಷ್ಟು ಸುಸ್ತಾಗಿದೆ ಅಂತ ಗೊತ್ತಿದ್ದೂ ಯಾಕ್ರೀ ಕೂರಿಸ್ತಿದ್ರಿ?"

ಇವರು ಹಾಳೆಯನ್ನು ತಾವೇ ಹೊಸದಾಗಿ ಕಾಣುವವರಂತೆ ನೋಡಿದರು. "ಮೊದ್ಲು ಗೊತ್ತಿರಲಿಲ್ಲ ಕಣೇ. ಬರೀತಾ ಬರೀತಾ ಗೊತ್ತಾಯ್ತು."

"ಗೊತ್ತಾದ ಮೇಲೆ?"

ಅವರ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಾಳೆ ಒದ್ದೆಯಾಗುತ್ತದೆಂದು ನಾನೇ ಅದನ್ನು ಹಿಂದಕ್ಕೆ ತೆಗೆದುಕೊಂಡೆ. ನನ್ನ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ, ಮಡಿಕೆ ಬೀಳದ ಹಾಗೆ ಇಟ್ಟೆ. ಸಿಟ್ಟಿದ್ದರೂ ಅದು ನನ್ನ ಮುಖ. ಇದ್ದದ್ದು ಅದೊಂದೇ.

ಶ್ರಾವಣ ಕಳೆಯುವ ಹೊತ್ತಿಗೆ ಬಣ್ಣದ ಚಿತ್ರ ಮುಗಿಯಿತು. ಜಯಮ್ಮನ ಸೀರೆಯನ್ನೇ ನಾನು ಉಟ್ಟು ಕೂತು ಬರೆಸಿದ್ದು. ಅಂಚಿನ ಹೂವೂ ತಪ್ಪಿರಲಿಲ್ಲ. ಪುಟ್ಟತಾಯಮ್ಮ ಬಂದು ನೋಡಿದಳು. ಹತ್ತಿರದಿಂದ ನೋಡಿದಳು, ಬಾಗಿಲವರೆಗೆ ಹಿಂದೆ ಹೋಗಿ ನೋಡಿದಳು.

"ಲಕ್ಷ್ಮಿ ಇದ್ದಂಗವ್ಳೆ ಸ್ವಾಮಿ. ನಾನ್ ಏಳಿದ್ದೆಲ್ಲ ಬರ್ದಿದೀರ. ಆದ್ರೆ ಇವ್ಳು ಯಾರೋ."

ಇವರ ಮುಖ ಬಾಡಿತು. ಎಷ್ಟು ಭಾನುವಾರದ ಕೆಲಸ! ಆಕೆ ಸುತ್ತಲೂ ಹುಡುಕುವವಳಂತೆ ನೋಡಿ ಕೇಳಿದಳು, "ಅವತ್ತು ಮೊದ್ಲುಗೆ ಸೀಸದಕಡ್ಡೀಲಿ ಬರುದ್ರಲ್ಲ, ಅದೆಲ್ಲಿ?"

"ಅದು ಬರೀ ರಫ್ ತಾಯಿ. ಅದು ನಮ್ಮ ಮನೆಯವರ..." ಎಂದು ಇವರು ಅಲ್ಲಿಗೇ ನಿಲ್ಲಿಸಿ ನನ್ನ ಕಡೆ ನೋಡಿದರು. ಕೊಡುವುದಿಲ್ಲ ಎಂದು ಒಂದು ಮಾತು ಅವರ ಬಾಯಿಂದ ಬರಲಿ ಎಂದು ಕಾದೆ. ಬರಲಿಲ್ಲ. ಅದನ್ನೂ ನನ್ನ ಮೇಲೇ ಹಾಕಿದರು ಪುಣ್ಯಾತ್ಮರು.

ಟ್ರಂಕಿನಿಂದ ತಂದು ತೋರಿಸಿದೆ. ತೋರಿಸಿ ಒಳಗಿಟ್ಟರಾಯಿತು ಎಂದೇ ಅಂದುಕೊಂಡಿದ್ದು. ಆಕೆ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಕಳಿಸುತ್ತಿದ್ದೆನೋ ಏನೋ. ಹಾಳೆಯನ್ನು ಮಡಿಲ ಮೇಲಿಟ್ಟುಕೊಂಡು, ಜಾರಿದ ಸೆರಗು ಬರೆದಿದ್ದ ಕಡೆ ಬೆರಳಿಟ್ಟು ಮೇಲಕ್ಕೆ ಸರಿಸುವವಳಂತೆ ಸವರಿದಳು.

"ಇಂಗೇ ಕೂತ್ಕತಿದ್ಲು ಕಣವ್ವ. ಗಂಡನ ಮನೆಯಿಂದ ಬತ್ತಿದ್ಲು, ಕಂಬಕ್ಕೊರಗ್ತಿದ್ಲು. ಮಾತಿಲ್ಲ ಕತೆಯಿಲ್ಲ. ಯಾಕವ್ವ ಇಂಗಿದೀಯ ಅಂತ ನಾನ್ ಒಂದಿನ ಕೇಳ್ಲಿಲ್ಲ. ಒತ್ತಾಯ್ತು ಒರ್ಡು, ಬಸ್ಸು ಬತ್ತದೆ, ಅಂತಿದ್ದೆ."

"ತಗೊಂಡು ಹೋಗಿ," ಎಂದೆ. ಹೇಗೆ ಬಂತೋ ಆ ಮಾತು. ಆಕೆ ಹಾಳೆಯನ್ನು ಮಗಳ ಸೀರೆಯಲ್ಲಿ ಸುತ್ತಿ, ಅದರ ಮೇಲೆ ಗೋಣಿಚೀಲ ಸುತ್ತಿ, ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದಳು. ಲಕ್ಷ್ಮಿಯಂಥ ಬಣ್ಣದ ಚಿತ್ರ ನಮ್ಮ ಹಜಾರದಲ್ಲೇ ಉಳಿಯಿತು. ನನಗೆ ಊಟ ಸೇರಲಿಲ್ಲ.

ಇವರಿಗೆ ಮನಸ್ಸಿಗೆ ಚುಚ್ಚಿರಬೇಕು. ಮುಂದಿನ ಭಾನುವಾರ ಯಾವ ಆರ್ಡರನ್ನೂ ಮುಟ್ಟದೆ, "ಬಾರೇ, ನಿಂದು ಬರೀತೀನಿ," ಎಂದರು. ನಾನು ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ಬೆನ್ನು ನೆಟ್ಟಗೆ ಮಾಡಿ ಕೂತೆ. ಬರೆದರು, ಹರಿದರು. ಮತ್ತೆ ಬರೆದರು, ಮತ್ತೆ ಹರಿದರು. "ಬರ್ತಿಲ್ಲ ಕಣೇ," ಎಂದು ಪೆನ್ಸಿಲ್ ಇಟ್ಟರು. ನಾನು ಎದ್ದು ಹೂ ತೆಗೆದಿಟ್ಟು ಅನ್ನಕ್ಕಿಟ್ಟೆ.

ನಿಟ್ಟೂರಿನಿಂದ ಬಂದ ಅತ್ತೆಗೆ ಪಕ್ಕದ ಮನೆಯಾಕೆ ಎಲ್ಲ ಊದಿಬಿಟ್ಟಳು. "ಅಯ್ಯೋ ಶಿವನೇ! ಬದುಕಿರೋ ಸೊಸೆ ಪಟಕ್ಕೆ ಕೊತ್ತಗೆರೇಲಿ ಹಾರ ಹಾಕ್ತಾರಲ್ಲೋ ಮುಂಡೇದೇ," ಎಂದು ಮಗನ ಮೇಲೆ ಹಾರಾಡಿದರು. ನನ್ನನ್ನು ಯಡಿಯೂರಿಗೆ ಕರೆದುಕೊಂಡು ಹೋಗಿ ಸಿದ್ಧಲಿಂಗೇಶ್ವರನಿಗೆ ಕಾಯಿ ಒಡೆಸಿ, ನೆತ್ತಿಗೆ ತೀರ್ಥ ಹಾಕಿಸಿದರು. ಕಾಯಿಯ ಮಹಿಮೆಯೋ ಏನೋ, ಅತ್ತೆ ಹೋದರು, ಇವರೂ ಹೋದರು, ನಾನು ಮಾತ್ರ ಮಾತ್ರೆ ನುಂಗಿಕೊಂಡು ಇನ್ನೂ ಇದ್ದೇನೆ.

ಮಹಾಲಯ ಅಮಾವಾಸ್ಯೆಯ ಮಾರನೆಯ ದಿನ ಬೆಳಿಗ್ಗೆ ಪುಟ್ಟತಾಯಮ್ಮ ಮತ್ತೆ ಬಂದಳು. ಸ್ಕೂಲಿಗೆ ದಸರಾ ರಜೆ, ಇವರು ಹಜಾರದಲ್ಲಿ ಪೆನ್ಸಿಲ್ ಹೆರೆಯುತ್ತಿದ್ದರು. ನಾನು ಬಟ್ಟೆ ಒಗೆದು ಬಕೆಟ್ ಹೊತ್ತು ಬಂದೆ. ಆಕೆ ನೆಲದ ಮೇಲೆ ಬಾಳೆ ಎಲೆ ಹರಡಿ, ಡಬ್ಬಿಯಿಂದ ಒಬ್ಬಟ್ಟು, ಕಜ್ಜಾಯ, ಆಂಬೊಡೆ ತೆಗೆದಿಡುತ್ತಿದ್ದಳು.

"ನೆನ್ನೆ ನಿನ್ ಪಟದ ಮುಂದೆ ಎಡೆ ಇಟ್ಟೆ ಕಣವ್ವ. ಅವ್ಳುಗೆ ಏನೇನ್ ಇಷ್ಟವೋ ಎಲ್ಲಾನುವೆ."

ಅತ್ತೆ ಒಳಗಿನಿಂದ "ರಾಮ ರಾಮ" ಎಂದದ್ದು ಕೇಳಿಸಿತು. ನಾನು ಬಕೆಟ್ ಹಿಡಿದೇ ನಿಂತಿದ್ದೆ. "ನನ್ನ ಪಟ ಅಂತ ಗೊತ್ತಿದ್ದೇ ತಗೊಂಡು ಹೋದ್ರಾ?" ಎಂದೆ.

"ಗೊತ್ತಿಲ್ವಾ ಮತ್ತೆ? ಕುರುಡಿಯಾ ನಾನು? ಮುಖ ನಿಂದೇಯ. ಸುಸ್ತು ಅವ್ಳುದ್ದು." ಬಕೆಟ್ಟನ್ನು ನನ್ನ ಕೈಯಿಂದ ತೆಗೆದು ಗೋಡೆಯ ಪಕ್ಕಕ್ಕಿಟ್ಟಳು. "ಅವ್ಳುಗಂತೂ ಕೂತ್ಕಂಡು ಉಣ್ಣು ಅಂತ ಏಳ್ನಿಲ್ಲ. ನೀನಾರ ಕೂತ್ಕ."

ಅಭ್ಯಾಸದಿಂದ ನನ್ನ ಕಾಲು ಕುರ್ಚಿಯ ಕಡೆ ಹೋಯಿತು. "ಅಲ್ಲಲ್ಲ, ಬರುಸ್ಕಳಕಲ್ಲ, ಉಣ್ಣಕ್ಕೆ," ಎಂದು ಎಲೆಯ ಮುಂದೆ ಕೂರಿಸಿದಳು. ಒಬ್ಬಟ್ಟಿಗೆ ತುಪ್ಪ ಹಾಕಿದಳು. ನಾನು ಒಂದು ತುತ್ತು ಮುರಿದೆ. ಆ ವರ್ಷದಲ್ಲಿ ನಾನು ಕೂತು, ಬೇರೆಯವರು ಬಡಿಸಿ ಉಂಡದ್ದು ಅದೇ ಮೊದಲು. ಬಾಯಲ್ಲಿ ಒಬ್ಬಟ್ಟು, ಕಣ್ಣಲ್ಲಿ ನೀರು, ಮೂಗು ಸುರಿಯುತ್ತಿದೆ, ಒರೆಸಿಕೊಳ್ಳಲು ಕೈ ಎಂಜಲು.

ಇವರು ನನ್ನನ್ನೇ ನೋಡುತ್ತಿದ್ದರು. ಒಂದು ಕಣ್ಣು ಕಿರಿದಾಯಿತು. ಕೈ ತಾನಾಗಿಯೇ ಹಾಳೆಯ ಕಡೆ ಹೋಯಿತು. ಪುಟ್ಟತಾಯಮ್ಮ ತಿರುಗಿ ನೋಡಿ ಮೆಲ್ಲಗೆ ಅಂದಳು, "ಬ್ಯಾಡ ಮೇಷ್ಟ್ರೆ. ಇವತ್ತೊಂದಿನ ಬುಡಿ."

ಇವರು ಪೆನ್ಸಿಲನ್ನು ಕೆಳಗಿಟ್ಟರು. ಎದ್ದು ನಿಂತರು. ಆಮೇಲೆ ಅಡಿಗೆಮನೆಗೆ ಹೋಗಿ, ಲೋಟ ಎಲ್ಲಿದೆಯೆಂದು ಅಮ್ಮನನ್ನು ಕೇಳಿ, ನೀರು ತಂದು ನನ್ನ ಎಲೆಯ ಪಕ್ಕದಲ್ಲಿಟ್ಟರು. ಮದುವೆಯಾದ ಮೇಲೆ ಅವರು ನನಗೆ ತಂದುಕೊಟ್ಟ ಮೊದಲನೆಯ ಲೋಟ ನೀರು. ಅಂಚಿನವರೆಗೂ ತುಂಬಿಸಿದ್ದರು. ನಾನು ಪೂರ್ತಿ ಕುಡಿದೆ.